ಗಾಳಿ ಪದ್ಯದ ಪಲ್ಲವಿ

ಊಟಿಯಿಂದ ಕೋತಗಿರಿಗೆ ಹೊರಟ ಬಸ್ಸು ಅರ್ಧ ದಾರಿಯಲ್ಲಿ ನಿಂತುಬಿಟ್ಟಿದೆ. ಮುಂದಿನ ತಿರುವಿನಲ್ಲಿ ಕರ್ಪೂರದ ಮರವೊಂದು ರಸ್ತೆಗೆ ಅಡ್ಡ ಬಿದ್ದಿದೆಯಂತೆ. ನಾವೆಲ್ಲ ನೀಲಗಿರಿ ಮರ ಅನ್ನುವುದನ್ನು ನೀಲಗಿರಿಯವರೇ ಕರ್ಪೂರದ ಮರ ಅನ್ನುತ್ತಾರೆ. ಗರಗಸ ತರಲು ಯಾರೋ ಹೋಗಿದ್ದಾರೆ. ಕಂಡಕ್ಟರ್ ಕೆಳಗಿಳಿದು ಬೀಡಿ ಹಚ್ಚಲು ನೋಡಿದ, ಗಾಳಿಗೆ ಸೋತು ವಾಪಸು ಬಂದು ಕೂತ. ಕಿಟಕಿಯ ಸಂದಿಯಿಂದ ಮುರಿದ ಎಲೆಯ ಖಾರ ವಾಸನೆ ಒಳಗೆ ನುಗ್ಗುತ್ತಿದೆ. ಈ ವಾಸನೆ ಬಂದರೆ ಸಾಕು, ಇಷ್ಟು ವರ್ಷವಾದ ಮೇಲೂ ಆ ವರ್ಷದ ಆಡಿ ತಿಂಗಳು ನೆನಪಾಗುತ್ತದೆ. ನಮ್ಮ ಆಷಾಢವೇ ಅವರ ಆಡಿ, ಗಾಳಿ ಮಾತ್ರ ನಮ್ಮದಕ್ಕಿಂತ ನಾಲ್ಕು ಪಾಲು ಜಾಸ್ತಿ.

ನಾನು ಗುಂಡ್ಲುಪೇಟೆಯವಳು. ಯಜಮಾನರಿಗೆ ಬ್ಯಾಂಕಿನಲ್ಲಿ ಕೋತಗಿರಿಗೆ ವರ್ಗವಾದಾಗ ಮನೆಯಲ್ಲಿ ಕೂತು ಚಳಿಗೆ ಕೈ ಉಜ್ಜುವುದು ನನ್ನಿಂದಾಗದ ಕೆಲಸವಾಗಿ, ಅಲ್ಲಿಯ ಒಂದು ಖಾಸಗಿ ಶಾಲೆಗೆ ಇಂಗ್ಲಿಷ್ ಮಿಸ್ ಆಗಿ ಸೇರಿಕೊಂಡೆ. ಸುತ್ತಲಿನ ಹಟ್ಟಿಗಳ, ಅಂದರೆ ಬೆಟ್ಟದ ಊರುಗಳ, ಬಡಗರ ಮಕ್ಕಳೇ ಹೆಚ್ಚು. ಎಲ್ಲರ ಮನೆಗೂ ಒಂದಿಷ್ಟು ಟೀ ತೋಟ, ಬೆಳಗ್ಗೆ ಎಲೆ ಕಿತ್ತು ಫ್ಯಾಕ್ಟರಿಯ ಗಾಡಿಗೆ ಹಾಕಿ ಆಮೇಲೆ ಮಕ್ಕಳಿಗೆ ಜಡೆ ಹೆಣೆಯುವ ತಾಯಂದಿರು. ನಾನು ಕನ್ನಡದಲ್ಲಿ ಗದರಿಸುತ್ತಿದ್ದೆ, ಅವರು ಬಡಗ ಮಾತಿನಲ್ಲಿ ಗೊಣಗುತ್ತಿದ್ದರು. ಇಬ್ಬರಿಗೂ ಅರ್ಥವಾಗುತ್ತಿತ್ತು. ಅದೊಂದು ಸುಖ. ಇಲ್ಲದಿದ್ದರೆ ಮೂಗಿನ ತುದಿಯಲ್ಲೇ ಸಿಟ್ಟಿರುವ ನಾನು ಯಾವ ಭಾಷೆಯಲ್ಲಿ ಬೈಯಬೇಕಿತ್ತೋ.

ಹತ್ತನೇ ತರಗತಿಯ ಪುಸ್ತಕದಲ್ಲಿ ಗಾಳಿಯ ಮೇಲೆ ಒಂದು ಪದ್ಯವಿತ್ತು. ಇಂಗ್ಲಿಷಿನದು, ನಾನಿಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ. ಗಾಳಿ ಒಂದು ಊರಿಗೆ ಬಂದು ಏನೇನು ದಾಂಧಲೆ ಮಾಡಿತು ಅನ್ನುವ ಪಟ್ಟಿ ಅದು. ಅಜ್ಜನ ಟೋಪಿ ಕದ್ದಿತು, ಒಣಹಾಕಿದ ಬಟ್ಟೆಗೆ ಕುಣಿಯಲು ಕಲಿಸಿತು, ಚಿಮಣಿಯ ಕಿವಿಯಲ್ಲಿ ಗುಟ್ಟು ಹೇಳಿತು. ಪ್ರತಿ ಸಾಲು ಮುಗಿದ ಮೇಲೂ ಪಲ್ಲವಿ ಬರುತ್ತಿತ್ತು: ‘ಗಾಳಿ ಬಂತು, ಗಾಳಿ ಹೋಯಿತು.’ ಪದ್ಯವೇನೋ ಚೆನ್ನಾಗಿಯೇ ಇತ್ತು. ಆದರೆ ಪರೀಕ್ಷೆಗೆ ಬೇಕಾದದ್ದು ಪದ್ಯವಲ್ಲ, ಅದರೊಳಗಿನ ಅಲಂಕಾರಗಳು. ಯಾವ ಸಾಲಿನಲ್ಲಿ ಉಪಮೆ, ಯಾವುದರಲ್ಲಿ ಜಡವಸ್ತುವಿಗೆ ಜೀವ ಬಂದಂತೆ ಹೇಳಿದೆ, ಎಲ್ಲಿ ಅನುಪ್ರಾಸ, ಎಲ್ಲಿ ಪಲ್ಲವಿ, ಯಾಕೆ. ಕೋಳಿ ಪುಕ್ಕ ಕಿತ್ತ ಹಾಗೆ ಒಂದೊಂದೇ ಕಿತ್ತು ಬೋರ್ಡಿನ ಮೇಲೆ ಅಂಟಿಸುತ್ತಿದ್ದೆ.

ಅನುಪ್ರಾಸದ ದಿನವೇ ಎಡವಟ್ಟಾಯಿತು. ಒಂದೇ ಅಕ್ಷರ ಮತ್ತೆ ಮತ್ತೆ ಬರುವುದು ಅನುಪ್ರಾಸ ಅಂತ ಹೇಳಿ ಪದ್ಯದ ಎರಡನೇ ಸಾಲು ಓದಿದೆ. ಗಾಳಿ ಬಾಗಿಲು ಬಡಿದು, ಬಕೆಟ್ ಬೀಳಿಸಿ, ಬೇಲಿ ಬಗ್ಗಿಸಿದ ಸಾಲು. ಇಂಗ್ಲಿಷಿನಲ್ಲೂ ಅದು ಬಕಾರದ ಮೆರವಣಿಗೆಯೇ. ಎಲ್ಲಿ, ಇನ್ನೊಂದು ಉದಾಹರಣೆ ಹೇಳಿ ಅಂದೆ. ಕ್ಲಾಸ್ ಲೀಡರ್ ಹರ್ಷಿಣಿ ಎದ್ದು ನಿಂತಳು. ಚುರುಕು ಹುಡುಗಿ, ನಾಲಿಗೆ ಇನ್ನೂ ಚುರುಕು.

“ಮಿಸ್, ನಮ್ಮ ಬಿಂದು ದಿನಾ ಅನುಪ್ರಾಸದಲ್ಲೇ ಮಾತಾಡ್ತಾಳೆ.”

ಇಡೀ ತರಗತಿ ಘೊಳ್ಳೆಂದು ನಕ್ಕಿತು. ಕಿಟಕಿ ಪಕ್ಕದ ಬೆಂಚಿನಲ್ಲಿದ್ದ ಬಿಂದು ತಲೆ ತಗ್ಗಿಸಿದಳು. ಬಿಂದುವಿಗೆ ಉಗ್ಗು. ಸಣ್ಣಪುಟ್ಟದ್ದಲ್ಲ, ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಮುಖವೆಲ್ಲ ಕೆಂಪೇರಿ ಕಣ್ಣಲ್ಲಿ ನೀರು ಬರುವಷ್ಟು. ಅದರಲ್ಲೂ ‘ಬ’ ಅವಳಿಗೆ ಹುಟ್ಟಾ ಶತ್ರು, ತನ್ನ ಹೆಸರು ಹೇಳುವುದೇ ದೊಡ್ಡ ಸಾಹಸ. ನಾನು ಡಸ್ಟರನ್ನು ಮೇಜಿಗೆ ಕುಟ್ಟಿ ಹರ್ಷಿಣಿಯನ್ನು ಹೊರಗೆ ನಿಲ್ಲಿಸಿದೆ, ಉಳಿದವರಿಗೆ ಗಂಟೆ ಹೊಡೆಯುವ ತನಕ ಮಂಗಳಾರತಿ ಮಾಡಿದೆ. ಮಾಡಿ ಏನು ಬಂತು? ಮರುದಿನದಿಂದ ಬಿಂದು ಶಾಲೆಗೆ ಬರಲಿಲ್ಲ.

ಅದೇ ವಾರ ಪ್ರಿನ್ಸಿಪಾಲರು ನನ್ನನ್ನು ಕರೆದರು. ಬೋರ್ಡ್ ಪರೀಕ್ಷೆಗೆ ಮಕ್ಕಳ ಹೆಸರು ಕಳಿಸುವ ಮೊದಲು ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಹೊರಗಿನ ಶಾಲೆಯಿಂದ ಒಬ್ಬರು ಪರೀಕ್ಷಕರನ್ನು ಕರೆಸಿ ಇಂಗ್ಲಿಷ್ ಮೌಖಿಕ ಪರೀಕ್ಷೆ ಮಾಡುವುದು. ಪದ್ಯ ಬಾಯಿಪಾಠ ಒಪ್ಪಿಸಬೇಕು, ಅಲಂಕಾರ ಕೇಳಿದರೆ, ತಮ್ಮ ಮಾತಿನಲ್ಲಾದರೂ ಸರಿ, ಹೇಳಬೇಕು. ತೇರ್ಗಡೆಯಾಗದವರ ಕೈಗೆ ಟಿ.ಸಿ. ಕೊಟ್ಟು ಬೇರೆ ಕಡೆ ಸೇರಿಸಿಕೊಳ್ಳಿ ಅನ್ನುವುದು. ಶಾಲೆಯ ಗೇಟಿನ ಮೇಲೆ ‘ನೂರಕ್ಕೆ ನೂರು ಫಲಿತಾಂಶ’ ಅಂತ ಬ್ಯಾನರ್ ಕಟ್ಟುವುದು ಸುಮ್ಮನೆಯೇ?

“ಆ ಬಿಂದು ಅನ್ನೋ ಹುಡುಗಿ ಬರ್ತಿಲ್ಲವಂತೆ. ಒಳ್ಳೇದೇ ಆಯ್ತು ಬಿಡಿ,” ಅಂದರು ಪ್ರಿನ್ಸಿಪಾಲರು. “ಬಾಯಿ ಬಿಡದ ಮಗುವನ್ನ ಪರೀಕ್ಷಕರ ಮುಂದೆ ಹೇಗೆ ನಿಲ್ಲಿಸೋದು? ಮೌಖಿಕಕ್ಕೆ ಬರದಿದ್ದರೆ ಹೆಸರು ತಾನಾಗೇ ಬಿಟ್ಟು ಹೋಗುತ್ತೆ. ನಮ್ಮ ಮೇಲೂ ಮಾತು ಬರಲ್ಲ.”

“ಬರೆಯೋದರಲ್ಲಿ ಅವಳೇ ಮುಂದು, ಸರ್.”

“ಬರೆಯೋದು ಯಾರು ಕೇಳಿದರು? ಇದು ಮಾತಾಡೋ ಪರೀಕ್ಷೆ.”

ಮೈಯೆಲ್ಲ ಉರಿದುಹೋಯಿತು. ಆದರೆ ಅಲ್ಲಿ ಕೂಗಾಡಿದರೆ ನನ್ನ ಬಾಯಿ ಚಪಲ ತೀರುತ್ತಿತ್ತೇ ಹೊರತು ಬಿಂದುವಿನ ಹೆಸರು ಪಟ್ಟಿಗೆ ಸೇರುತ್ತಿರಲಿಲ್ಲ. ಆ ಸಂಜೆ ಶಾಲೆ ಬಿಟ್ಟ ಕೂಡಲೇ ಅವಳ ಹಟ್ಟಿಗೆ ಹೊರಟೆ.

ಗಾಳಿ ಆಗಲೇ ಶುರುವಾಗಿತ್ತು. ಛತ್ರಿ ಬಿಚ್ಚಿದ್ದೇ ತಪ್ಪಾಯಿತು, ಉಲ್ಟಾ ಹೊಡೆದು ಕಡ್ಡಿ ಕಿತ್ತುಕೊಂಡು ಟೀ ಗಿಡಗಳ ಮೇಲೆ ಹಾರಿಹೋಯಿತು. ಹಟ್ಟಿಗೆ ಹೋದರೆ ಸಾಲು ಮನೆಗಳ ಬಾಗಿಲೆಲ್ಲ ಮುಚ್ಚಿದೆ, ನರಪಿಳ್ಳೆಯಿಲ್ಲ. ಮೇಲಿನ ಹುಲ್ಲು ಬಯಲಿನಿಂದ ಜನರ ಸದ್ದು ಕೇಳುತ್ತಿತ್ತು. ಹಟ್ಟಿಯ ಹಿರಿಯರೊಬ್ಬರು ತೀರಿಕೊಂಡು ಸುತ್ತಲಿನ ಊರಿನವರೆಲ್ಲ ಅಲ್ಲಿ ಸೇರಿದ್ದರು. ಸಾವಿನ ಬಯಲಿಗೆ ಶಾಲೆಯ ಮಾತು ಹೊತ್ತುಕೊಂಡು ಬಂದೆನಲ್ಲ ಅಂತ ಸಂಕೋಚವಾಗಿ ತಿರುಗಿ ಹೊರಟೆ. ಅಷ್ಟರಲ್ಲಿ ಬಿಂದುವಿನ ತಾಯಿ ನೋಡಿಬಿಟ್ಟರು. ಬಿಳಿ ಹೊದ್ದ ಹೆಂಗಸರ ಗುಂಪಿನಿಂದ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು.

“ಟೀಚರಮ್ಮ, ಸಾವಿಗೆ ಬಂದವರು ಹಾಗೇ ಹೋಗಬಾರದು. ಇದು ಮುಗೀಲಿ, ಮಾತಾಡೋಣ.”

ಬಡಗರಲ್ಲಿ ಒಂದು ಕ್ರಮವಿದೆ. ಸತ್ತವರನ್ನು ಕಳಿಸುವ ಮೊದಲು, ಅವರೂ ಅವರ ಹಿಂದಿನವರೂ ಮಾಡಿರಬಹುದಾದ ತಪ್ಪುಗಳನ್ನೆಲ್ಲ ಬಲ್ಲ ಹಿರಿಯರೊಬ್ಬರು ಎಲ್ಲರ ಎದುರಿಗೆ ಗಟ್ಟಿಯಾಗಿ ಹೇಳುತ್ತಾರೆ. ಹೊಲದ ಗಡಿಕಲ್ಲು ಸರಿಸಿದ್ದರೆ, ಅಂತ ಒಂದು ಸಾಲು. ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಿದ್ದರೆ, ಅಂತ ಇನ್ನೊಂದು. ಹಸಿದು ಬಂದವರಿಗೆ ಬಾಗಿಲು ಹಾಕಿದ್ದರೆ. ಹರಿಯುವ ಹಾವಿಗೆ ಕಲ್ಲು ಹೊಡೆದಿದ್ದರೆ. ಒಂದೊಂದು ಸಾಲಿಗೂ ಸೇರಿದ ಜನ ಒಕ್ಕೊರಲಿನಿಂದ ‘ಅದು ಪಾಪ’ ಅನ್ನುತ್ತಾರೆ. ಹೇಳಿ ಹೇಳಿ ಆ ಪಾಪವನ್ನು ಕಳೆಯುತ್ತಾರೆ. ಒಬ್ಬನ ಹೊರೆಯನ್ನು ಇಡೀ ಬಯಲು ಸೇರಿ ಎತ್ತುವ ದನಿ ಅದು. ಸತ್ತವರು ಯಾರೋ ನನಗೆ ಗೊತ್ತಿಲ್ಲ, ಕಣ್ಣು ಮಾತ್ರ ತುಂಬಿತು.

ಆಗ ನನ್ನ ಬಲಗಡೆಯಿಂದ ಒಂದು ದನಿ ಸ್ಪಷ್ಟವಾಗಿ ಕೇಳಿಸಿತು. ತಿರುಗಿ ನೋಡಿದೆ. ತಾಯಿಯ ಆಚೆ ಬದಿಗೆ ಬಿಂದು ನಿಂತಿದ್ದಳು. ಎಲ್ಲರ ಜೊತೆ ಅವಳೂ ಹೇಳುತ್ತಿದ್ದಳು, ಪ್ರತಿ ಸಾಲಿಗೂ, ಒಂದು ಸಲವೂ ತಡವರಿಸದೆ. ‘ಪ’ ಅವಳಿಗೆ ‘ಬ’ದಷ್ಟೇ ಕಷ್ಟ, ನನಗೆ ಗೊತ್ತು. ನಾನು ಹಿರಿಯರ ಕಡೆ ನೋಡುವುದನ್ನು ಬಿಟ್ಟು ಅವಳ ತುಟಿಯನ್ನೇ ನೋಡುತ್ತ ನಿಂತೆ.

ಎಲ್ಲ ಮುಗಿದ ಮೇಲೆ ಅವರ ಮನೆಗೆ ಹೋದೆವು. ತಾಯಿ ಒಲೆಯ ಪಕ್ಕ ಮಣೆ ಹಾಕಿದರು. ನಾನು ಪ್ರಿನ್ಸಿಪಾಲರ ಮಾತನ್ನು ಮುಚ್ಚಿಡದೆ ಹೇಳಿದೆ. ಮೌಖಿಕಕ್ಕೆ ಬರದಿದ್ದರೆ ಹೆಸರು ಬೋರ್ಡಿಗೆ ಹೋಗುವುದಿಲ್ಲ, ಕೈಗೆ ಟಿ.ಸಿ. ಬರುತ್ತದೆ ಅಂದೆ.

“ನಾ... ನಾ... ನಾನು...” ಅಂದಳು ಬಿಂದು.

“ನಾನು ಹೋಗಲ್ಲ ಅಂತಾಳೆ,” ತಾಯಿ ಮುಗಿಸಿದರು. “ಬೇಡ ಬಿಡಿ ಟೀಚರಮ್ಮ. ತೋಟ ಇದೆ, ನನ್ನ ಜೊತೆ ಎಲೆ ಕೀಳ್ತಾಳೆ. ಎಲೆ ಇವಳನ್ನ ಹೆಸರು ಕೇಳಲ್ಲ, ನಗೋದೂ ಇಲ್ಲ.”

ಅದರಲ್ಲಿ ಕೊಂಕು ಇರಲಿಲ್ಲ, ಮಗಳ ಮೇಲಿನ ಜೀವ ಮಾತ್ರ ಇತ್ತು. ಆ ಮನೆಯಲ್ಲಿ ಬಿಂದುವಿನ ಮಾತನ್ನು ಎಲ್ಲರೂ ಹೀಗೇ ಮುಗಿಸಿಕೊಡುತ್ತಿದ್ದರು. ಬಿಂದು ಒಲೆ ನೋಡುತ್ತ ಕೂತಿದ್ದಳು. ನಾನು ತಾಯಿಯ ಕಡೆ ಕೈ ತೋರಿಸಿ, ಸ್ವಲ್ಪ ಸುಮ್ಮನಿರಿ ಅಂದೆ. ಆಮೇಲೆ ನಾನೂ ಸುಮ್ಮನಾದೆ. ನನ್ನಂಥವಳಿಗೆ ಅದು ಸಣ್ಣ ಶಿಕ್ಷೆಯಲ್ಲ. ಬಾಯಿ ತುರಿಸುತ್ತಿತ್ತು. ಹೆಂಚಿನ ಮೇಲೆ ಗಾಳಿ ಹೊಡೆಯುತ್ತಿತ್ತು, ಒಲೆಯ ಹೊಗೆ ಕೋಣೆಯೊಳಗೆ ತಿರುಗುತ್ತಿತ್ತು.

ಬಿಂದು ಒದ್ದಾಡಿದಳು, ನಿಲ್ಲಿಸಿದಳು, ಮತ್ತೆ ಶುರು ಮಾಡಿದಳು. ಕೊನೆಗೆ ಬಂದ ಮಾತು ಇಷ್ಟು: “ನಾನು ಪರೀಕ್ಷೆ ಬರೀಬೇಕು, ಮಿಸ್.”

ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಮರುದಿನ ಬಿಂದು ಶಾಲೆಗೆ ಬಂದಳು. ನಾನು ತರಗತಿಗೆ ಹೋಗಿ ಪುಸ್ತಕ ಮುಚ್ಚಿಸಿದೆ. ಪದ್ಯವನ್ನು ಬೇರೆ ರೀತಿ ಓದೋಣ, ಒಬ್ಬರು ಸಾಲು ಹೇಳಿ, ಪಲ್ಲವಿ ಎಲ್ಲರೂ ಹೇಳಿ ಅಂದೆ. ಹಟ್ಟಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಹುಟ್ಟಿದಾಗಿನಿಂದ ಒಬ್ಬರು ಹೇಳುವುದಕ್ಕೆ ನೂರು ಜನ ದನಿಗೂಡಿಸುವುದನ್ನು ಕೇಳಿದವರು. ಬಿಂದುವಿನ ಸರದಿ ಬಂತು. ಮೊದಲ ಸಾಲು ಪೂರ್ತಿ ಮುಗ್ಗರಿಸಿತು. ಪಲ್ಲವಿಯಲ್ಲಿ ಎಲ್ಲರ ಜೊತೆ ಅವಳ ದನಿ ಸೇರಿತು, ಅದರ ಬೆನ್ನಲ್ಲೇ ಮುಂದಿನ ಸಾಲು ನೂಕಿದ ಗಾಡಿಯ ಹಾಗೆ ಒಂದಷ್ಟು ದೂರ ಹೋಯಿತು. ಮತ್ತೆ ನಿಂತಿತು. ಮತ್ತೆ ಪಲ್ಲವಿ. ಉಗ್ಗು ವಾಸಿಯಾಯಿತು ಅಂತ ನಾನು ಸುಳ್ಳು ಹೇಳಲಾರೆ. ಆದರೆ ಪದ್ಯ ಕೊನೆ ಮುಟ್ಟಿತು. ಯಾರೂ ನಗಲಿಲ್ಲ. ಹರ್ಷಿಣಿ ಮಾತ್ರ ಪಲ್ಲವಿ ಹೇಳದೆ ಡೆಸ್ಕ್ ಕೆರೆಯುತ್ತ ಕೂತಿದ್ದಳು. ಹೊರಗೆ ನಿಲ್ಲಿಸಿದ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಇದನ್ನೇ ಮೌಖಿಕದಲ್ಲೂ ಮಾಡಲು ಬಿಡಿ ಅಂತ ಪ್ರಿನ್ಸಿಪಾಲರ ಹತ್ತಿರ ಹೋಗಿ ಗೋಗರೆದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಇದೇನು ಭಜನೆಯಾ ಮೇಡಂ? ಒಬ್ಬೊಬ್ಬರೇ ಒಳಗೆ ಬರಬೇಕು, ಒಬ್ಬೊಬ್ಬರೇ ಹೇಳಬೇಕು. ನೀವು ಬಾಗಿಲ ಹತ್ತಿರ ಕೂತು ಹೆಸರು ಕರೆಯಿರಿ. ಅದಕ್ಕಿಂತ ಹೆಚ್ಚು ಒಂದು ಮಾತೂ ನಿಮ್ಮ ಬಾಯಿಂದ ಬರಕೂಡದು.”

ಮಕ್ಕಳಿಗೆ ಅದನ್ನೇ ಹೇಳಿದೆ. ಪಲ್ಲವಿಯನ್ನೂ ಅವರವರೇ ಹೇಳಿಕೊಳ್ಳಬೇಕು, ಯಾರೂ ಯಾರಿಗೂ ಸಹಾಯ ಮಾಡುವ ಹಾಗಿಲ್ಲ. ಬಿಂದುವೂ ಕೇಳಿಸಿಕೊಂಡಳು. ಆ ದಿನದಿಂದ ಪರೀಕ್ಷೆಯ ತನಕ ನನಗೆ ಅನ್ನ ರುಚಿಸಲಿಲ್ಲ. ಹುಡುಗಿಯನ್ನು ಮನೆಯಿಂದ ಎಳೆದು ತಂದವಳು ನಾನು. ತರದೇ ಹೋಗಿದ್ದರೆ ಕೊನೆಯ ಪಕ್ಷ ಅವಮಾನವಾದರೂ ತಪ್ಪುತ್ತಿತ್ತು ಅಂತ ಒಂದು ಮನಸ್ಸು ಕುಟುಕುತ್ತಿತ್ತು.

ಮೌಖಿಕದ ದಿನ ಗಾಳಿಗೆ ಹುಚ್ಚೇ ಹಿಡಿದಿತ್ತು. ಕರೆಂಟು ಬೆಳಗ್ಗೆಯೇ ಹೋಗಿತ್ತು. ದಾರಿಯಲ್ಲಿ ಮರ ಬಿದ್ದು ಪರೀಕ್ಷಕರ ಕಾರು ತಡವಾಯಿತು. ಬಂದವರು ವಯಸ್ಸಾದ ಹೆಂಗಸು, ಕೂನೂರು ಕಡೆಯವರು. ಶಾಲು ಹೊದ್ದು ಬೆಚ್ಚನೆಯ ನೀರು ಕೇಳಿ ಕುಡಿದು ಕೂತರು. ಮುಖದಲ್ಲಿ ನಗುವಿರಲಿಲ್ಲ. ಅವರ ಪಕ್ಕದಲ್ಲೇ ಪ್ರಿನ್ಸಿಪಾಲರು. ಬಾಗಿಲಲ್ಲಿ ನಾನು, ಬಾಯಿಗೆ ಬೀಗ ಹಾಕಿಕೊಂಡು. ಹೊರಗೆ ವರಾಂಡದಲ್ಲಿ ಮಕ್ಕಳ ಸಾಲು. ಮಾಡಿನ ಶೀಟುಗಳು ಬಡಬಡ ಬಡಿದುಕೊಳ್ಳುತ್ತಿದ್ದವು, ಒಳಗೆ ಬಂದ ಮಕ್ಕಳೆಲ್ಲ ಗಾಳಿಯ ಪದ್ಯವನ್ನು ಗಾಳಿಗಿಂತ ಗಟ್ಟಿಯಾಗಿ ಕಿರುಚಬೇಕಾಗಿತ್ತು. ಹರ್ಷಿಣಿ ಒಂದೇ ಉಸಿರಿಗೆ ಒಪ್ಪಿಸಿ, ಕೇಳಿದ ಅಲಂಕಾರವನ್ನೆಲ್ಲ ಪಟಪಟ ಹೇಳಿ, ನನ್ನ ಮುಖ ನೋಡದೆ ಹೊರಗೆ ಹೋದಳು.

ಆಮೇಲೆ ಬಿಂದುವಿನ ಹೆಸರು ಕರೆದೆ.

ಅವಳು ಬಂದು ಮೇಜಿನ ಮುಂದೆ ನಿಂತಳು. ಪರೀಕ್ಷಕರು ಹೆಸರು ಕೇಳಿದರು. ಅಲ್ಲೇ ಸಿಕ್ಕಿಕೊಂಡಿತು. ತುಟಿ ಕೂಡಿತು, ಬಿಡಿಸಿಕೊಳ್ಳಲಿಲ್ಲ. ಪ್ರಿನ್ಸಿಪಾಲರು “ಬಿಂದು ಅಂತ,” ಅಂದರು. ಸರಿ, ಪದ್ಯ ಹೇಳಮ್ಮ ಅಂದರು ಪರೀಕ್ಷಕರು. ಮೊದಲ ಸಾಲು ಹೇಗೋ ಏದುಸಿರಿನಲ್ಲಿ ದಾಟಿತು, ಪಲ್ಲವಿ ಬಾಯಲ್ಲೇ ಉಳಿಯಿತು. ಎರಡನೆಯದು ಆ ಬಕಾರದ ಸಾಲು. ಅವಳ ಕತ್ತಿನ ನರ ಉಬ್ಬಿತು. ಬೆರಳು ಲಂಗದ ಅಂಚನ್ನು ತಿರುಚುತ್ತಿತ್ತು. ಬ, ಬ, ಬ. ಮುಂದೆ ಇಲ್ಲ. ಮಾಡಿನ ಶೀಟು ಬಡಿಯಿತು. ಪ್ರಿನ್ಸಿಪಾಲರು ಗಡಿಯಾರ ನೋಡಿ, ಪೆನ್ನಿನ ಮುಚ್ಚಳ ತೆಗೆದು, ನಾನು ಮೊದಲೇ ಹೇಳಿದ್ದೆನಲ್ಲ ಅನ್ನುವ ಹಾಗೆ ನನ್ನ ಕಡೆ ತಿರುಗಿದರು. ನನ್ನ ನಾಲಿಗೆಯ ತುದಿಗೆ ಆ ಸಾಲು ಬಂದು ಕೂತಿತ್ತು. ಹೇಳಿಕೊಟ್ಟರೆ ಅವಳೂ ಹೋದಳು, ನಾನೂ ಹೋದೆ. ಹೇಳದಿದ್ದರೆ ಅವಳಂತೂ ಹೋದಳು.

ಆಗ ವರಾಂಡದಿಂದ ಒಂದೇ ಒಂದು ದನಿ ಬಂತು. ‘ಗಾಳಿ ಬಂತು, ಗಾಳಿ ಹೋಯಿತು.’ ಹರ್ಷಿಣಿಯ ದನಿ. ಪರೀಕ್ಷೆ ಮುಗಿದಿದ್ದರೂ ಅವಳು ಮನೆಗೆ ಹೋಗಿರಲಿಲ್ಲ. ಒಂದು ಕ್ಷಣ ಬರೀ ಗಾಳಿಯ ಸದ್ದು. ಆಮೇಲೆ ಇಡೀ ವರಾಂಡ ಹೇಳಿತು. ಬಿಂದು ಕಣ್ಣು ಮುಚ್ಚಿದಳು, ಅವಳ ತುಟಿಯೂ ಅವರ ಜೊತೆ ಆಡಿತು. ಪಲ್ಲವಿಯ ಬಾಲ ಹಿಡಿದುಕೊಂಡೇ ಆ ಬಕಾರದ ಸಾಲು ಆಚೆ ಬಂತು, ಬಾಗಿಲು, ಬಕೆಟ್, ಬೇಲಿ ಎಲ್ಲ.

ಪ್ರಿನ್ಸಿಪಾಲರು ಕುರ್ಚಿ ಹಿಂದೆ ತಳ್ಳಿ ಎದ್ದರು. ಪರೀಕ್ಷಕರು ಅವರ ಕಡೆ ನೋಡದೆ ಕೈಯೆತ್ತಿ ಕೂರಿಸಿದರು. ಪದ್ಯ ಹಾಗೇ ಮುಂದುವರಿಯಿತು. ಒಳಗಿನಿಂದ ಸಾಲು, ಹೊರಗಿನಿಂದ ಪಲ್ಲವಿ. ತಡೆದು, ನಿಂತು, ಎದ್ದು, ಕೊನೆಯ ತನಕ. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದೆ.

ಮುಗಿದ ಮೇಲೆ ಪರೀಕ್ಷಕರು ಹೊರಗಿನವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು. “ಇನ್ನು ಯಾರೂ ಬಾಯಿ ಬಿಡಬಾರದು. ಈಗ ಇವಳೊಬ್ಬಳೇ.” ವರಾಂಡ ಗಪ್‌ಚಿಪ್ಪಾಯಿತು. ಅವರು ಬಿಂದುವಿನ ಕಡೆ ಬಾಗಿದರು. “ಹೊರಗಿನವರು ಹೇಳಿದರಲ್ಲ, ಆ ಸಾಲಿಗೆ ಏನಂತಾರೆ? ಕವಿ ಅದನ್ನ ಮತ್ತೆ ಮತ್ತೆ ಯಾಕೆ ತಂದಿದ್ದಾನೆ?”

ಉತ್ತರ ಅವಳಿಗೆ ಗೊತ್ತು, ನಾನೇ ಬರೆಸಿದ್ದೆ: ಪಲ್ಲವಿ, ಇಂಪಿಗಾಗಿ ಮತ್ತು ಒತ್ತು ಕೊಡಲು. ಪ್ರಿನ್ಸಿಪಾಲರ ಮುಂದಿದ್ದ ಮಾದರಿ ಉತ್ತರದಲ್ಲೂ ಅದೇ. ಅಷ್ಟು ಪದಗಳನ್ನು ಅವಳು ಒಬ್ಬಳೇ ದಾಟಬೇಕಿತ್ತು. ಬಿಂದು ಬಾಯಿ ತೆರೆದಳು, ಮುಚ್ಚಿದಳು. “ಪ... ಪ...” ಅಂದಳು. ಪ್ರಿನ್ಸಿಪಾಲರು ಮುಗಿಸಿಕೊಡಲು ಹೊರಟರು, ಪರೀಕ್ಷಕರ ಕೈ ಮತ್ತೆ ಮೇಲೆ ಹೋಯಿತು. ಅವರು ಕಾದರು. ಶಾಲನ್ನು ಸರಿಮಾಡಿಕೊಂಡು, ಹೊತ್ತಿನ ಪರಿವೆಯೇ ಇಲ್ಲದವರ ಹಾಗೆ ಕಾದರು. ಅಷ್ಟು ಹೊತ್ತು ಯಾರಾದರೂ ಬಿಂದುವಿಗಾಗಿ ಕಾದದ್ದನ್ನು ನಾನು ಕಂಡಿರಲಿಲ್ಲ.

“ಪಲ್ಲವಿ,” ಅಂದಳು ಬಿಂದು. ಉಸಿರು ತೆಗೆದುಕೊಂಡಳು. ಮುಂದಿನದನ್ನು ಅವಳು ತುಂಡು ತುಂಡಾಗಿ ಹೇಳಿದಳು, ನಾನು ಕೂಡಿಸಿ ಬರೆಯುತ್ತಿದ್ದೇನೆ.

“ಹೇಳೋವನಿಗೆ ಒಬ್ಬನಿಗೇ ಆಗದೇ ಹೋದಾಗ, ಬೇರೆಯವರು ಬರಲಿ ಅಂತ.”

ಪರೀಕ್ಷಕರು ಮಾದರಿ ಉತ್ತರದ ಹಾಳೆಯನ್ನು ಎಳೆದುಕೊಂಡು ನೋಡಿದರು. ನನ್ನ ಕಡೆ ತಿರುಗಿ, “ನೀವು ಹೇಳಿಕೊಟ್ಟದ್ದಾ?” ಅಂತ ಕೇಳಿದರು. ಇಲ್ಲ ಅಂದೆ. ಹೆಸರು ಕರೆದದ್ದು ಬಿಟ್ಟರೆ ಅದೊಂದೇ ಮಾತು ನಾನು ಆ ದಿನ ಅಲ್ಲಿ ಆಡಿದ್ದು.

“ಹಾಳೆಯಲ್ಲಿ ಈ ಉತ್ತರ ಇಲ್ಲವಲ್ಲ ಮೇಡಂ,” ಅಂದರು ಪ್ರಿನ್ಸಿಪಾಲರು.

“ಬರೆದುಕೊಳ್ಳಿ,” ಅಂದರು ಪರೀಕ್ಷಕರು, ಪೆನ್ನನ್ನು ಅವರ ಕಡೆಗೇ ಸರಿಸಿ.

ಬಿಂದುವಿನ ಹೆಸರು ಬೋರ್ಡಿಗೆ ಹೋಯಿತು. ಅವಳು ಹೊರಗೆ ಬಂದಾಗ ಹರ್ಷಿಣಿ ಬ್ಯಾಗು ಹೆಗಲಿಗೇರಿಸಿಕೊಂಡು, “ಎಷ್ಟು ಹೊತ್ತು ಮಾಡ್ತೀಯ ಮಾರಾಯ್ತಿ, ಬಸ್ ಹೋಯ್ತು ನೋಡು,” ಅಂತ ಗದರಿದಳು. ಇಬ್ಬರೂ ಆ ಗಾಳಿಯಲ್ಲಿ ನಡೆದುಕೊಂಡೇ ಹಟ್ಟಿಗೆ ಹೋದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಮನಸಾರೆ ಅತ್ತೆ.

ಈಗ ಬಸ್ಸಿನಲ್ಲಿ ಫೋನು ಬಡಿದುಕೊಳ್ಳುತ್ತಿದೆ. ಬಿಂದು. ಊಟಿಯ ಕಾಲೇಜಿನಲ್ಲಿ ಓದುತ್ತಿದ್ದಾಳೆ, ರಜೆಗೆ ಮನೆಗೆ ಬಂದಿದ್ದಾಳೆ, ನನ್ನನ್ನು ಊಟಕ್ಕೆ ಕರೆದಿದ್ದಾಳೆ. ಮರ ಬಿದ್ದಿದೆ, ತಡವಾಗುತ್ತೆ ಕಣೇ ಅಂದೆ. ಆ ಕಡೆಯಿಂದಲೂ ಗಾಳಿ.

“ಮಿಸ್, ಪ... ಪ...”

ಏನು ಹೇಳುತ್ತಾಳೋ ನನಗೆ ಚೆನ್ನಾಗಿ ಗೊತ್ತು. ಪರವಾಗಿಲ್ಲ, ನಿಧಾನವಾಗಿ ಬನ್ನಿ ಅನ್ನುತ್ತಾಳೆ. ಪಕ್ಕದ ಸೀಟಿನವರು ನನ್ನ ಮುಖ ನೋಡುತ್ತಿದ್ದಾರೆ, ಲೈನು ಕಟ್ಟಾಯಿತೇ ಅಂತ ಕಣ್ಣಲ್ಲೇ ಕೇಳುತ್ತಿದ್ದಾರೆ. ಇಲ್ಲ ಅಂತ ತಲೆಯಾಡಿಸಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡು ಕಾಯುತ್ತಿದ್ದೇನೆ.